ತಾನೇ ಅಗಲಿದ್ದು, ನಾವು ಅಗಲಿಸಿದ್ದು: ಪಾಂಡಾದಿಂದ ಸಿಂಗಳೀಕದವರೆಗೆ
(ದತ್ತಿ ಉಪನ್ಯಾಸದ ಬರಹ ರೂಪ)



ಆಹ್ವಾನ ಪತ್ರಿಕೆಯಲ್ಲಿ ಪಾಂಡಾದ ಹೆಸರು ಕಂಡು, ಚೀನಾದ ಕರಡಿಗೂ ಬೆಂಗಳೂರಿನ ನಮ್ಮ ಬಸವೇಶ್ವರನಗರಕ್ಕೂ ಏನು ಸಂಬಂಧ ಎಂದು ಕೆಲವರು ಕೇಳಿದರು. ನ್ಯಾಯವಾದ ಪ್ರಶ್ನೆಯೇ. ನನ್ನ ಮನಸ್ಸಿನಲ್ಲಿರುವುದು ನಮ್ಮ ಆನೆ, ನಮ್ಮ ಸಿಂಗಳೀಕ, ನಮ್ಮ ಕಾಡುಪಾಪ. ಆದರೆ ಪ್ರಾಣಿ ಸಮೂಹಗಳ ಅಗಲಿಕೆ ಎಂಬ ಈ ವಿಷಯದ ಗಂಟು ಎಲ್ಲಿದೆ ಎಂಬುದು ಪಾಂಡಾದ ಉದಾಹರಣೆಯಲ್ಲಿ ಬಹಳ ಸ್ಪಷ್ಟವಾಗಿ ಕಾಣುತ್ತದೆ. ಅದಕ್ಕೇ ಅಲ್ಲಿಂದ ಶುರು ಮಾಡುತ್ತೇನೆ.

ಚೀನಾದ ನಾಲ್ಕನೇ ರಾಷ್ಟ್ರೀಯ ಪಾಂಡಾ ಗಣತಿಯ ಫಲಿತಾಂಶ 2015ರಲ್ಲಿ ಹೊರಬಂತು. ಕಾಡಿನಲ್ಲಿರುವ ಪಾಂಡಾಗಳು 1,864. ನಮ್ಮ ಒಂದು ದೊಡ್ಡ ಅಪಾರ್ಟ್‌ಮೆಂಟ್ ಸಮುಚ್ಚಯದಲ್ಲಿ ಇದಕ್ಕಿಂತ ಹೆಚ್ಚು ಜನ ಇರುತ್ತಾರೆ. ಇಷ್ಟು ಕಡಿಮೆ ಉಳಿದಿರುವ ಪ್ರಾಣಿಯ ರಕ್ತ ಬಡವಾಗಿರಬೇಕು, ಎಲ್ಲವೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ದ ಹಾಗಿರಬೇಕು ಎಂದುಕೊಳ್ಳುವುದು ಸಹಜ. 2010ರಲ್ಲಿ ಜಿಂಗ್‌ಜಿಂಗ್ ಎಂಬ ಹೆಣ್ಣು ಪಾಂಡಾದ ಇಡೀ ಜೀನೋಮನ್ನು ಓದಿದಾಗ ಕಂಡದ್ದು ಬೇರೆಯೇ. ತಂದೆಯಿಂದ ಬಂದ ಪ್ರತಿಗೂ ತಾಯಿಯಿಂದ ಬಂದ ಪ್ರತಿಗೂ ನಡುವಿನ ವ್ಯತ್ಯಾಸವನ್ನು ಎಣಿಸಿದರೆ, ಅದು ಮನುಷ್ಯನಲ್ಲಿ ಇರುವುದಕ್ಕಿಂತ ಹೆಚ್ಚುಕಡಿಮೆ ಎರಡರಷ್ಟಿತ್ತು. ಎಂಟುನೂರು ಕೋಟಿ ಇರುವ ನಾವು ಒಳಗೊಳಗೆ ಒಬ್ಬರಿಗೊಬ್ಬರು ಬಹಳ ಹತ್ತಿರದವರು. ಎರಡು ಸಾವಿರವೂ ಇಲ್ಲದ ಪಾಂಡಾ ನಮಗಿಂತ ವೈವಿಧ್ಯವಂತ.

ಈಗ ಇದರ ತದ್ವಿರುದ್ಧ ಚಿತ್ರ. ನೀಲಗಿರಿ ಮತ್ತು ಪೂರ್ವಘಟ್ಟದ ಆನೆ ವಲಯ ಎಂದರೆ ನಮ್ಮ ನಾಗರಹೊಳೆ, ಬಂಡೀಪುರ, ಬಿಳಿಗಿರಿರಂಗನ ಬೆಟ್ಟ, ಅವುಗಳಿಗೆ ಅಂಟಿಕೊಂಡ ಮುದುಮಲೆ, ವಯನಾಡು. ಏಷ್ಯಾದ ಆನೆಗಳ ಅತಿ ದೊಡ್ಡ ಸಮೂಹ ಪ್ರಪಂಚದಲ್ಲಿ ಎಲ್ಲಿದೆ ಎಂದರೆ ಇಲ್ಲೇ. ಭಾರತೀಯ ವಿಜ್ಞಾನ ಸಂಸ್ಥೆಯ ರಾಮನ್ ಸುಕುಮಾರ್ ಅವರ ಜೊತೆಗೂಡಿ ಟಿ.ಎನ್.ಸಿ. ವಿದ್ಯಾ ಅವರು ದಕ್ಷಿಣದ ಆನೆಗಳ ಡಿಎನ್‌ಎ ಪರೀಕ್ಷಿಸಿ 2005ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ತಾಯಿಯಿಂದ ಮಾತ್ರ ಇಳಿದುಬರುವ ಮೈಟೊಕಾಂಡ್ರಿಯಾ ಡಿಎನ್‌ಎಯಲ್ಲಿ ನೀಲಗಿರಿ ಸಮೂಹಕ್ಕೆಲ್ಲ ಸಿಕ್ಕಿದ್ದು ಒಂದೇ ಒಂದು ಮಾದರಿ. ಇದಕ್ಕಿಂತ ಎಷ್ಟೋ ಚಿಕ್ಕದಾದ ಆನಮಲೈ, ಪೆರಿಯಾರ್ ಸಮೂಹಗಳಲ್ಲಿ ಹೆಚ್ಚು ವೈವಿಧ್ಯ ಇತ್ತು.

ಹತ್ತು ಸಾವಿರ ಪ್ರತಿ ಅಚ್ಚಾದ ಒಂದೇ ಪುಸ್ತಕವನ್ನು ಕಪಾಟಿನ ತುಂಬ ಜೋಡಿಸಿಟ್ಟರೆ ಅದನ್ನು ಗ್ರಂಥಾಲಯ ಎನ್ನುವುದಿಲ್ಲ, ಗೋದಾಮು ಎನ್ನುತ್ತೇವೆ. ನೂರೇ ಪುಸ್ತಕ ಇದ್ದರೂ ಬೇರೆಬೇರೆಯಾಗಿದ್ದರೆ ಅದು ಗ್ರಂಥಾಲಯ. ಗಣತಿಯ ಸಂಖ್ಯೆ ಹೇಳುವುದು ಪ್ರತಿಗಳ ಲೆಕ್ಕವನ್ನಷ್ಟೇ.

ಹಾಗೆಂದು ನಮ್ಮ ಆನೆಗಳಿಗೆ ಕೇಡುಗಾಲ ಬಂದಿದೆ ಎಂದು ಯಾರೂ ಗಾಬರಿಯಾಗಬೇಕಿಲ್ಲ. ಹೆಣ್ಣಾನೆ ಹುಟ್ಟಿದ ಹಿಂಡಿನಲ್ಲೇ ಬಾಳುತ್ತದೆ. ಪ್ರಾಯಕ್ಕೆ ಬಂದ ಗಂಡು ಹಿಂಡು ಬಿಟ್ಟು ಹೊರಡುತ್ತದೆ. ಹಾಗಾಗಿ ತಾಯಿ ಕವಲು ನಿಂತಲ್ಲೇ ನಿಲ್ಲುತ್ತದೆ, ಉಳಿದ ವಂಶವಾಹಿಗಳು ಸಲಗದ ಜೊತೆ ಊರೂರು ಸುತ್ತುತ್ತವೆ. ತಂದೆತಾಯಿ ಇಬ್ಬರಿಂದಲೂ ಬರುವ ಡಿಎನ್‌ಎಯನ್ನು ನೋಡಿದರೆ ದಕ್ಷಿಣದ ಆನೆಗಳ ವೈವಿಧ್ಯ ತೀರಾ ಕುಸಿದಿಲ್ಲ. ಆದರೂ ಹಿಂದೆ ಎಂದೋ ಒಂದು ಕಾಲದಲ್ಲಿ ಈ ಸಮೂಹ ಬಹಳ ಚಿಕ್ಕದಾಗಿ, ಆಮೇಲೆ ಬೆಳೆದಿರಬಹುದು ಎಂಬ ಅನುಮಾನವನ್ನು ಆ ಒಂದೇ ಮಾದರಿ ಹುಟ್ಟಿಸುತ್ತದೆ. ಬನ್ನೇರುಘಟ್ಟದಿಂದ ಸಾವನದುರ್ಗದ ಕಡೆಗೆ ಬಂದುಹೋಗುವ, ಕೆಂಗೇರಿ ಬಿಡದಿಯವರ ಬೆಳಗಿನ ಸುದ್ದಿಯಾಗುವ ಆನೆಗಳು ಈ ದೊಡ್ಡ ಸಮೂಹದ ಉತ್ತರದ ತುದಿ. ಕಾವೇರಿ ವನ್ಯಧಾಮದ ಮೂಲಕ ಅವು ಇನ್ನೂ ಮೂಲಕ್ಕೆ ಅಂಟಿಕೊಂಡಿವೆ.

ಇದೆಲ್ಲ ಗೊತ್ತಾಗುವುದು ಹೇಗೆ? ಕಾಡಾನೆಯನ್ನು ನಿಲ್ಲಿಸಿ ರಕ್ತ ತೆಗೆಯಲು ಯಾರಿಂದಲೂ ಸಾಧ್ಯವಿಲ್ಲ. ಉತ್ತರ ಲದ್ದಿಯಲ್ಲಿದೆ. ಕರುಳಿನಿಂದ ಜಾರಿ ಬರುವಾಗ ಕರುಳಿನ ಒಳಪದರದ ಜೀವಕೋಶಗಳು ಲದ್ದಿಯ ಮೇಲ್ಮೈಗೆ ಅಂಟಿಕೊಂಡಿರುತ್ತವೆ. ಹಸಿ ಇರುವಾಗಲೇ ಮೇಲಿನ ಪದರವನ್ನು ಕೆರೆದು, ಕೆಡದ ಹಾಗೆ ದ್ರಾವಣದಲ್ಲಿಟ್ಟು ಪ್ರಯೋಗಾಲಯಕ್ಕೆ ತಂದರೆ ಅದು ಯಾವ ಆನೆ, ಗಂಡೋ ಹೆಣ್ಣೋ, ಯಾರ ನೆಂಟ ಎಂದೆಲ್ಲ ಹೇಳಬಹುದು. ಚೀನಾದ ವಾಂಗ್‌ಲಾಂಗ್ ರಕ್ಷಿತಾರಣ್ಯದಲ್ಲಿ ಹಳೆಯ ಕ್ರಮದ ಗಣತಿ 27 ಪಾಂಡಾ ಎಂದಿತ್ತು. ಮಲದ ಡಿಎನ್‌ಎ ಎಣಿಸಿದ 2006ರ ಅಧ್ಯಯನ 66 ಎಂದಿತು. 2025ರಲ್ಲಿ ಬಿಡುಗಡೆಯಾದ ನಮ್ಮ ದೇಶದ ಮೊದಲ ಡಿಎನ್‌ಎ ಆಧಾರಿತ ಆನೆ ಅಂದಾಜು ನಿಂತಿರುವುದೂ ಲದ್ದಿಯ ಮೇಲೆಯೇ. 21,000ಕ್ಕೂ ಹೆಚ್ಚು ಮಾದರಿಗಳಿಂದ 4,065 ಬೇರೆಬೇರೆ ಆನೆಗಳ ಗುರುತು ಸಿಕ್ಕಿತು. ಅದರಿಂದ ಲೆಕ್ಕ ಹಾಕಿದ ದೇಶದ ಒಟ್ಟು ಸಂಖ್ಯೆ 22,446. ಕರ್ನಾಟಕದ ಪಾಲು 6,013, ಎಲ್ಲ ರಾಜ್ಯಗಳಿಗಿಂತ ಹೆಚ್ಚು. ಪತ್ರಿಕೆಗಳು ಈ ಮೊದಲ ಸ್ಥಾನವನ್ನು ದಪ್ಪಕ್ಷರದಲ್ಲಿ ಹಾಕಿದವು. ಲದ್ದಿ ಕೆರೆದವರ ಬಗ್ಗೆ ಹೆಚ್ಚೇನೂ ಬರೆಯಲಿಲ್ಲ.

ವೈವಿಧ್ಯ ಇಲ್ಲದಿದ್ದರೆ ಏನು ನಷ್ಟ ಎಂಬುದನ್ನು ಈ ಸಭೆಗೆ ಹೆಚ್ಚು ಬಿಡಿಸಿ ಹೇಳಬೇಕಿಲ್ಲ. ಅಕ್ಕನ ಮಗಳನ್ನು ತಂದುಕೊಂಡ ಸೋದರಮಾವಂದಿರು ನಮ್ಮ ಅಜ್ಜಂದಿರ ಕಾಲದಲ್ಲಿ ಪ್ರತಿ ಬೀದಿಯಲ್ಲೂ ಇದ್ದರು. 1980ರ ದಶಕದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಎನ್. ಅಪ್ಪಾಜಿ ರಾವ್ ಅವರು ಎ.ಎಚ್. ಬಿಟಲ್ಸ್ ಮತ್ತಿತರರೊಂದಿಗೆ ಬೆಂಗಳೂರು, ಮೈಸೂರುಗಳಲ್ಲಿ ಅಧ್ಯಯನ ನಡೆಸಿದಾಗ ಸುಮಾರು ಮೂರನೇ ಒಂದರಷ್ಟು ಮದುವೆಗಳು ರಕ್ತಸಂಬಂಧದೊಳಗೇ ಆಗಿದ್ದವು. ಸೋದರಮಾವ ಮತ್ತು ಅಕ್ಕನ ಮಗಳ ಮದುವೆಯಲ್ಲಿ ಹುಟ್ಟಿದ ಮಗುವಿಗೆ ಯಾವುದೇ ಒಂದು ವಂಶವಾಹಿಯ ಎರಡೂ ಪ್ರತಿಗಳು ಒಬ್ಬನೇ ಪೂರ್ವಿಕನಿಂದ ಬಂದಿರುವ ಸಂಭವ ಎಂಟರಲ್ಲಿ ಒಂದು. ಅತ್ತೆ ಮಕ್ಕಳು, ಮಾವನ ಮಕ್ಕಳ ಮದುವೆಯಲ್ಲಿ ಹದಿನಾರರಲ್ಲಿ ಒಂದು. ಎಲ್ಲರಲ್ಲೂ ಒಂದಲ್ಲ ಒಂದು ದೋಷವುಳ್ಳ ವಂಶವಾಹಿ ಅಡಗಿರುತ್ತದೆ. ಒಂದೇ ಪ್ರತಿ ಇದ್ದಾಗ ಅದು ತೆಪ್ಪಗಿರುತ್ತದೆ, ಎರಡು ಕೂಡಿದಾಗ ತಲೆ ಎತ್ತುತ್ತದೆ. ನಮಗೆ ಬೇರೆ ಊರಿನ ಸಂಬಂಧ ಹುಡುಕುವ ಆಯ್ಕೆ ಉಂಟು. ನಾಲ್ಕೂ ಕಡೆ ರಸ್ತೆ ಇರುವ ಕಾಡಿನ ತುಣುಕಿನಲ್ಲಿ ಸಿಕ್ಕಿಬಿದ್ದ ಪ್ರಾಣಿಗೆ ಅದಿಲ್ಲ.

ಇನ್ನು ನನ್ನ ಮುಖ್ಯ ಮಾತಿಗೆ ಬರುತ್ತೇನೆ.

2013ರಲ್ಲಿ 34 ಕಾಡು ಪಾಂಡಾಗಳ ಜೀನೋಮುಗಳನ್ನು ಒಟ್ಟಿಗೆ ಓದಿದ ಅಧ್ಯಯನ ಅವು ಮೂರು ಸಮೂಹ ಎಂದಿತು. ಉತ್ತರದ ಚಿನ್‌ಲಿಂಗ್ ಪರ್ವತದ್ದು ಒಂದು, ಮಿನ್‌ಶಾನ್‌ದು ಒಂದು, ಛಿಯೊಂಗ್‌ಲಾಯ್ ಮತ್ತು ಅದರ ದಕ್ಷಿಣದ ಬೆಟ್ಟಗಳದ್ದು ಮತ್ತೊಂದು. ಚಿನ್‌ಲಿಂಗ್‌ನ ಪಾಂಡಾ ಉಳಿದವುಗಳಿಂದ ಅಗಲಿದ್ದು ಸುಮಾರು 3 ಲಕ್ಷ ವರ್ಷಗಳ ಹಿಂದೆ. ಉಳಿದೆರಡು ಒಂದರಿಂದೊಂದು ಅಗಲಿ 2,800 ವರ್ಷವಷ್ಟೇ. ಈ ಎರಡು ಅಗಲಿಕೆಗಳ ಮೇಲೆ ಮೂರನೆಯದು ಬಂದು ಕೂತಿದೆ. ಗಣತಿಯ ಪ್ರಕಾರ ಇವತ್ತು ಪಾಂಡಾಗಳು 33 ತುಣುಕುಗಳಲ್ಲಿ ಹಂಚಿಹೋಗಿವೆ, ಅವುಗಳಲ್ಲಿ ಹದಿನೆಂಟರಲ್ಲಿ ಹತ್ತು ಪಾಂಡಾ ಕೂಡ ಇಲ್ಲ. ಇದು ಹಿಮಯುಗದ ಕೆಲಸವಲ್ಲ. ಹೆದ್ದಾರಿ, ಅಣೆಕಟ್ಟು, ಹೊಲ, ಊರು.

ಮೂರಕ್ಕೂ ನಾವು ಅಗಲಿಕೆ ಎಂಬ ಒಂದೇ ಹೆಸರಿಡುತ್ತೇವೆ. ಕಾಗದದ ಮೇಲೆ ಮೂರೂ ಒಂದೇ ಬಗೆಯ ಅಂಕಿಯಾಗಿ ಕಾಣುತ್ತವೆ. ಆದರೆ ಲಕ್ಷಗಟ್ಟಲೆ ವರ್ಷ ತನ್ನ ಬೆಟ್ಟ, ತನ್ನ ಬಿದಿರು, ತನ್ನ ಚಳಿಗೆ ಒಗ್ಗಿಕೊಂಡು ಬೇರೆಯಾದ ಸಮೂಹದ ಬೇರೆತನ ಒಂದು ಆಸ್ತಿ. ಐವತ್ತು ವರ್ಷದ ಹಿಂದೆ ರಸ್ತೆ ಬಂದು ಎರಡು ಹೋಳಾದ ಸಮೂಹದ ಬೇರೆತನ ಒಂದು ಗಾಯ. ಆಸ್ತಿಯನ್ನು ಬೆರೆಸಿ ಹಾಳು ಮಾಡಬಾರದು. ಗಾಯವನ್ನು ಹೊಲಿಯದೆ ಬಿಡಬಾರದು. ಅರಣ್ಯದ ವಿಷಯದಲ್ಲಿ ತೀರ್ಮಾನ ತೆಗೆದುಕೊಳ್ಳುವವರು ಎಷ್ಟೋ ಸಲ ಇವೆರಡನ್ನು ಅದಲುಬದಲು ಮಾಡಿಕೊಳ್ಳುತ್ತಾರೆ ಎಂಬುದೇ ನನ್ನ ತಕರಾರು.

ನಮ್ಮ ಪಶ್ಚಿಮಘಟ್ಟದಲ್ಲಿ ಹಳೆಯ ಅಗಲಿಕೆಯ ದೊಡ್ಡ ಗೆರೆ ಪಾಲಕ್ಕಾಡಿನಲ್ಲಿದೆ. ನೀಲಗಿರಿ ಮುಗಿದು ಆನಮಲೈ ಶುರುವಾಗುವ ಮುಂಚೆ ಘಟ್ಟದ ಸಾಲು ಒಮ್ಮೆಲೇ ತಗ್ಗಿ ಸುಮಾರು 40 ಕಿಲೋಮೀಟರಿನ ಬಾಗಿಲು ತೆರೆಯುತ್ತದೆ. ಕೊಯಮತ್ತೂರಿನಿಂದ ಕೇರಳಕ್ಕೆ ರೈಲಿನಲ್ಲಿ ಹೋದವರು ಬೆಟ್ಟ ಹತ್ತದೆಯೇ ಅದನ್ನು ದಾಟಿದ್ದೀರಿ. ನಮಗೆ ಅನುಕೂಲದ ಆ ಬಾಗಿಲು ತಂಪು ಬೆಟ್ಟದ ಜೀವಿಗಳಿಗೆ ಗೋಡೆ. ಎತ್ತರದ ಶೋಲಾ ಕಾಡಿನ ಪುಟ್ಟ ಹಕ್ಕಿಗಳ ಮೇಲೆ ವಿ.ವಿ. ರಾಬಿನ್, ಉಮಾ ರಾಮಕೃಷ್ಣನ್ ಮತ್ತಿತರರು ಬೆಂಗಳೂರಿನ ರಾಷ್ಟ್ರೀಯ ಜೈವಿಕ ವಿಜ್ಞಾನ ಕೇಂದ್ರದಿಂದ ನಡೆಸಿದ ಕೆಲಸದಲ್ಲಿ ಈ ಗೆರೆಯ ಆಚೀಚಿನವು ಬೇರೆಬೇರೆ ವಂಶಗಳೇ ಎಂದು ತಿಳಿಯಿತು. ದಿನಕ್ಕೆ ಹತ್ತಾರು ಕಿಲೋಮೀಟರ್ ನಡೆಯಬಲ್ಲ ಆನೆಗೂ ಇದೇ ಗೆರೆ. ನೀಲಗಿರಿಯೊಳಗೆ ಸುಮಾರು 15,000 ಚದರ ಕಿಲೋಮೀಟರಿನಲ್ಲಿ ಎಲ್ಲಿ ನೋಡಿದರೂ ಆನೆಗಳಲ್ಲಿ ವ್ಯತ್ಯಾಸ ಇಲ್ಲವೆನ್ನುವಷ್ಟು ಕಡಿಮೆ. ಅದೇ ಆ 40 ಕಿಲೋಮೀಟರ್ ದಾಟಿದರೆ ಬೇರೆ ಸಮೂಹ. 2024ರಲ್ಲಿ ಪೂರ್ಣ ಜೀನೋಮುಗಳಿಂದ ನಡೆದ ಅಧ್ಯಯನ ಇನ್ನೂ ಮುಂದೆ ಹೋಗಿ, ಭಾರತದ ಆನೆಗಳು ಐದು ಸಮೂಹ, ಅದರಲ್ಲಿ ಮೂರು ದಕ್ಷಿಣದಲ್ಲೇ ಎಂದಿತು: ಪಾಲಕ್ಕಾಡಿನ ಉತ್ತರಕ್ಕೆ ನಮ್ಮದು, ಪಾಲಕ್ಕಾಡ್ ಮತ್ತು ಸೆಂಗೋಟೈ ಕಣಿವೆಗಳ ನಡುವಿನದು, ಸೆಂಗೋಟೈಯ ದಕ್ಷಿಣದ್ದು. ಉತ್ತರದಿಂದ ದಕ್ಷಿಣಕ್ಕೆ ಆನೆಗಳು ಹಂತಹಂತವಾಗಿ ಹಬ್ಬಿದಂತೆ ಪ್ರತಿ ಹಂತದಲ್ಲೂ ವೈವಿಧ್ಯ ಸ್ವಲ್ಪ ಸ್ವಲ್ಪ ಸೋರಿದೆ. ಎಲ್ಲಕ್ಕಿಂತ ಕೆಳಗಿನ ಆ ಚಿಕ್ಕ ಗುಂಪಿನದೇ ಅತಿ ಕಡಿಮೆ.

ಸಿಂಗಳೀಕದ ಕಥೆ ಇದಕ್ಕಿಂತ ಹಳೆಯದು, ನನ್ನ ಮಟ್ಟಿಗೆ ಇದಕ್ಕಿಂತ ರಸವತ್ತಾದದ್ದು. ಮುಖದ ಸುತ್ತ ಬೂದು ಕೇಸರ, ಬಾಲದ ತುದಿಯಲ್ಲಿ ಕುಚ್ಚು, ಉಳಿದಂತೆ ಮೈಯೆಲ್ಲ ಕಪ್ಪು. ಕರ್ನಾಟಕ, ಕೇರಳ, ತಮಿಳುನಾಡುಗಳ ನಿತ್ಯಹರಿದ್ವರ್ಣ ಕಾಡು ಬಿಟ್ಟರೆ ಭೂಮಿಯ ಮೇಲೆ ಇನ್ನೆಲ್ಲೂ ಇಲ್ಲ. ಒಟ್ಟು ಸುಮಾರು 4,000. ಹೈದರಾಬಾದಿನ ಕೋಶೀಯ ಮತ್ತು ಆಣ್ವಿಕ ಜೀವವಿಜ್ಞಾನ ಕೇಂದ್ರದ (ಸಿಸಿಎಂಬಿ) ಉಮಾಪತಿ ಅವರ ತಂಡ, ಮೈಸೂರು ವಿಶ್ವವಿದ್ಯಾನಿಲಯದ ಮೇವಾ ಸಿಂಗ್, ಎಚ್.ಎನ್. ಕುಮಾರ, ಅಜಿತ್ ಕುಮಾರ್ ಮುಂತಾದವರೊಂದಿಗೆ 2015ರಲ್ಲಿ ಇದರ ತಳಿ ಚರಿತ್ರೆಯನ್ನು ಪ್ರಕಟಿಸಿತು. ಪಾಲಕ್ಕಾಡಿನ ಉತ್ತರದ ಸಿಂಗಳೀಕ ಮತ್ತು ದಕ್ಷಿಣದ ಸಿಂಗಳೀಕಗಳ ತಾಯಿ ಕವಲು ಅಗಲಿ ಸುಮಾರು 20 ಲಕ್ಷ ವರ್ಷವಾಗಿದೆ. ನಮ್ಮ ಮನುಷ್ಯ ಜಾತಿಯ ವಯಸ್ಸೇ 3 ಲಕ್ಷ ವರ್ಷದ ಆಸುಪಾಸು ಎಂಬುದನ್ನು ನೆನೆದರೆ ಈ ಅವಧಿ ಎಷ್ಟೆಂದು ಅಂದಾಜಾದೀತು. ಇತಿಹಾಸಪೂರ್ವದ ಅಗಲಿಕೆ, ಇತ್ತೀಚಿನ ಅಗಲಿಕೆ ಎಂದು ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದ್ದು ಆ ಪ್ರಬಂಧದ ಹೆಚ್ಚುಗಾರಿಕೆ.

ಇತ್ತೀಚಿನ ಅಗಲಿಕೆ ಏನು ಮಾಡಬಲ್ಲದು ಎಂಬುದಕ್ಕೆ ಒಡಿಶಾದ ಸಿಮಿಲಿಪಾಲದ ಹುಲಿಯನ್ನು ನೋಡಬೇಕು. ಅಲ್ಲಿ ಪಟ್ಟೆಗಳು ಅಗಲವಾಗಿ ಒಂದಕ್ಕೊಂದು ಕೂಡಿಕೊಂಡು, ಮೈಯೇ ಕಪ್ಪಾಗಿ ಕಾಣುವ ಹುಲಿಗಳಿವೆ. ಟಿಎಕ್ಯುಪಿಇಪಿ ಎಂಬ ಒಂದು ವಂಶವಾಹಿಯಲ್ಲಾದ ಬದಲಾವಣೆ ಇದಕ್ಕೆ ಕಾರಣ ಎಂದು ಉಮಾ ರಾಮಕೃಷ್ಣನ್ ಅವರ ತಂಡ 2021ರಲ್ಲಿ ತೋರಿಸಿತು. ಬೇರೆ ಕಾಡುಗಳಲ್ಲಿ ಕಾಣದ ಈ ಬಣ್ಣ ಅಲ್ಲಿ ಸಾಮಾನ್ಯವಾಗಿರುವುದು ಆ ಕಾಡು ಒಂಟಿಯಾಗಿ, ಹುಲಿಗಳು ಕೆಲವೇ ಆಗಿ, ಒಂದು ಅಪರೂಪದ ಪ್ರತಿ ಆಕಸ್ಮಿಕವಾಗಿ ಹರಡಿಬಿಟ್ಟಿದ್ದರಿಂದ. ಚಿನ್‌ಲಿಂಗ್‌ನಲ್ಲೂ ಕಪ್ಪಿನ ಬದಲು ಕಂದು ಬಣ್ಣದ ಪಾಂಡಾ ಆಗೊಮ್ಮೆ ಈಗೊಮ್ಮೆ ಹುಟ್ಟುತ್ತದೆ. ಮೊದಲನೆಯದು ಸಿಕ್ಕಿದ್ದು 1985ರಲ್ಲಿ. ಬೇಸ್2 ಎಂಬ ವಂಶವಾಹಿಯಲ್ಲಿ ಚಿಕ್ಕದೊಂದು ತುಣುಕು ಬಿಟ್ಟುಹೋಗಿರುವುದು ಅದರ ಗುಟ್ಟು ಎಂದು 2024ರಲ್ಲಿ ತಿಳಿಯಿತು. ಅಲ್ಲಿ ಒಳಸಂಬಂಧವೇ ಕಾರಣ ಎಂದು ಆ ಸಂಶೋಧಕರು ಹೇಳಲಿಲ್ಲ. ಚಿನ್‌ಲಿಂಗ್ ಹಳೆಯ ಅಗಲಿಕೆಯ ಊರು, ಸಿಮಿಲಿಪಾಲ ಹೊಸ ಗಾಯ. ಪ್ರವಾಸಿಗರು ಎರಡಕ್ಕೂ ಒಂದೇ ಉತ್ಸಾಹದಿಂದ ಕ್ಯಾಮರಾ ಎತ್ತುತ್ತಾರೆ.

ನಮ್ಮಲ್ಲಿ ಹೊಸ ಗಾಯ ನೋಡಲು ಆಲೂರು, ಸಕಲೇಶಪುರದ ಕಡೆ ಹೋಗಬೇಕು. ಕಾಫಿ ತೋಟ, ಗದ್ದೆ, ಹೇಮಾವತಿಯ ಹಿನ್ನೀರಿನ ನಡುವೆ ಉಳಿದುಕೊಂಡ ಆನೆಗಳು, ಅವುಗಳಿಂದ ಸತ್ತ ಕೂಲಿಯವರು, ಬೆಳೆ ಕಳೆದುಕೊಂಡ ರೈತರು. ಸುಕುಮಾರ್ ಅವರ ಅಧ್ಯಕ್ಷತೆಯ ಕರ್ನಾಟಕ ಆನೆ ಕಾರ್ಯಪಡೆ 2012ರ ವರದಿಯಲ್ಲಿ ರಾಜ್ಯವನ್ನು ಆನೆ ಸಂರಕ್ಷಣೆಯ ವಲಯ, ಮನುಷ್ಯ ಮತ್ತು ಆನೆ ಹೊಂದಿಕೊಂಡು ಬಾಳುವ ವಲಯ, ಆನೆಯನ್ನು ತೆರವು ಮಾಡುವ ವಲಯ ಎಂದು ಮೂರಾಗಿ ವಿಂಗಡಿಸಿತು. ಆಮೇಲೆ ಆಲೂರಿನ ಸುತ್ತ 22 ಆನೆಗಳನ್ನು ಹಿಡಿದರು. ಹೊಲಿಯಲಾಗದ ಗಾಯವೂ ಇರುತ್ತದೆ, ಹಾಗಾಗಿ ನಾನು ಆ ವರದಿಯ ಪರ. ಎಲ್ಲ ಕಡೆಯೂ ಆನೆ ಇರಲೇಬೇಕು ಎಂದು ಬೆಂಗಳೂರಿನಲ್ಲಿ ಕೂತು ಹೇಳುವುದು ಸುಲಭ.

ನಮ್ಮ ಪಶ್ಚಿಮ ಬೆಂಗಳೂರಿನ ಅಂಚಿನಲ್ಲೇ ಇನ್ನೊಂದು ಪ್ರಾಣಿ ಇದೆ, ನಮ್ಮಲ್ಲಿ ಹೆಚ್ಚಿನವರು ನೋಡಿಲ್ಲ. ಕಾಡುಪಾಪ. ಅಂಗೈ ಮೇಲೆ ಕೂರುವಷ್ಟು ಚಿಕ್ಕದು, ದೊಡ್ಡ ಕಣ್ಣು, ರಾತ್ರಿ ಸಂಚಾರ, ಹುಳುಹುಪ್ಪಟೆ ಊಟ. ಯಶವಂತಪುರದ ಮಗ್ಗುಲಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ಇಂದಿಗೂ ಇದೆ. ತುಮಕೂರು ಬಳಿಯ ನಾಗವಲ್ಲಿಯ ಸುತ್ತ ಹೇರಳವಾಗಿದ್ದು ಹೆಸರಾಗಿದೆ. ಇದು ಕೋತಿಯ ಹಾಗೆ ನೆಗೆಯುವುದಿಲ್ಲ. ಒಂದು ಕೊಂಬೆಯನ್ನು ಹಿಡಿದುಕೊಂಡೇ ಇನ್ನೊಂದಕ್ಕೆ ಕೈ ಚಾಚುತ್ತದೆ. ಎರಡು ಮರದ ಕೊಂಬೆಗಳು ಮುಟ್ಟದಿದ್ದರೆ ನೆಲಕ್ಕಿಳಿಯಬೇಕು, ಅಲ್ಲಿ ನಾಯಿ, ಬೆಕ್ಕು, ಸ್ಕೂಟರು. ಆನೆಯನ್ನು ಅಗಲಿಸಲು 40 ಕಿಲೋಮೀಟರಿನ ಕಣಿವೆ ಬೇಕಾಯಿತು. ಕಾಡುಪಾಪವನ್ನು ಅಗಲಿಸಲು ರಸ್ತೆ ಅಗಲೀಕರಣಕ್ಕೆ ಕಡಿದ ಒಂದು ಸಾಲು ಮರ ಸಾಕು. ತುರಹಳ್ಳಿ ಕಾಡಿನಲ್ಲಿ ಟ್ರೀ ಪಾರ್ಕ್ ಮಾಡುವುದನ್ನು ವಿರೋಧಿಸಿ 2021ರಲ್ಲಿ ಸುತ್ತಲಿನ ಬಡಾವಣೆಗಳವರು ಬೀದಿಗಿಳಿದಾಗ, ಇರುವ ಹಸಿರಿಗೇ ಇನ್ನಷ್ಟು ಹಸಿರು ಸೇರಿಸಿದರೆ ತೊಂದರೆಯೇನು ಎಂದು ಕೇಳಿದವರಿದ್ದರು. ಗಿಡ ಎಷ್ಟು ಎಂಬುದಲ್ಲ, ಒಂದಕ್ಕೊಂದು ತಾಗುತ್ತವೆಯೇ ಎಂಬುದು ಕಾಡುಪಾಪದ ಪ್ರಶ್ನೆ. ಪಾಲಿಕೆಯವರು ಕೊಂಬೆ ಕಡಿಯಲು ಬಂದಾಗ ನಾವೂ ಕೇಳಬಹುದಾದ ಪ್ರಶ್ನೆ.

ಗಾಯ ಹೊಲಿಯುವುದು ಹೇಗೆ? ಒಂದು ದಾರಿ ಪ್ರಾಣಿಯನ್ನೇ ಒಯ್ದು ಬಿಡುವುದು. ಚೀನಾದಲ್ಲಿ 2009ರಲ್ಲಿ ಛಿಯೊಂಗ್‌ಲಾಯ್ ಬೆಟ್ಟದಲ್ಲಿ ಸಿಕ್ಕಿದ್ದ ಲೂಶಿನ್ ಎಂಬ ಹೆಣ್ಣು ಪಾಂಡಾವನ್ನು, ತೀರಾ ಕೆಲವೇ ಪಾಂಡಾಗಳು ಉಳಿದಿದ್ದ ಶಿಯಾವ್‌ಶಿಯಾಂಗ್‌ಲಿಂಗ್‌ನ ಲಿಜಿಪಿಂಗ್ ರಕ್ಷಿತಾರಣ್ಯಕ್ಕೆ ಬಿಟ್ಟರು. ಗಮನಿಸಿ, ಎರಡೂ ಒಂದೇ ಸಮೂಹದ ಬೆಟ್ಟಗಳು. ನಮ್ಮಲ್ಲಿ 2024ರ ಕೊನೆಗೆ ಮಹಾರಾಷ್ಟ್ರದ ತಾಡೋಬಾದಿಂದ ಜೀನತ್ ಎಂಬ ಹೆಣ್ಣು ಹುಲಿಯನ್ನು ಸಿಮಿಲಿಪಾಲಕ್ಕೆ ತಂದರು. ಅದು ಜಾರ್ಖಂಡ್ ಹೊಕ್ಕು, ಪಶ್ಚಿಮ ಬಂಗಾಳದ ಬಾಂಕುರಾ ತಲುಪಿ, ಅಲ್ಲಿ ಅರಿವಳಿಕೆ ಕೊಡಿಸಿಕೊಂಡು ಮರಳಿತು. ವರ ನೋಡಲು ಕರೆತಂದ ಹುಡುಗಿ ಮೂರು ರಾಜ್ಯ ಸುತ್ತಿಬಂದಳು. ಇಂಥ ಸಾಗಾಟ ದುಬಾರಿ, ಅಪಾಯಕಾರಿ, ಕೊನೆಯ ಉಪಾಯ. ಮೊದಲ ಉಪಾಯ ದಾರಿಯನ್ನು ತೆರೆದಿಡುವುದು.

ಅದಕ್ಕೇ ಶರಾವತಿಯ ವಿಷಯ ಹೇಳದೆ ಮುಗಿಸಲಾರೆ. ಸಿಂಗಳೀಕಗಳ ಉತ್ತರದ ಗಡಿ ನಮ್ಮ ಶಿರಸಿ, ಹೊನ್ನಾವರದ ಕಾಡು. ಅಲ್ಲಿ 30ಕ್ಕೂ ಹೆಚ್ಚು ಗುಂಪು, 600ಕ್ಕೂ ಹೆಚ್ಚು ಪ್ರಾಣಿ ಇವೆ ಎಂದು ಎಚ್.ಎನ್. ಕುಮಾರ ಮತ್ತು ಮೇವಾ ಸಿಂಗ್ ಅವರ ಸಮೀಕ್ಷೆಯಿಂದ ತಿಳಿಯಿತು. 2011ರಲ್ಲಿ ಅಘನಾಶಿನಿ ಸಂರಕ್ಷಿತ ಪ್ರದೇಶವಾಯಿತು, 2019ರಲ್ಲಿ ಅದೂ ಸೇರಿ 930 ಚದರ ಕಿಲೋಮೀಟರಿನ ಶರಾವತಿ ಕಣಿವೆ ಸಿಂಗಳೀಕ ಅಭಯಾರಣ್ಯವಾಯಿತು. ಉಪ್ಪಾಗೆ ಹಣ್ಣಿನ ಸಿಪ್ಪೆ ಮಾರಿ ನಾಲ್ಕು ಕಾಸು ಕಾಣುವ ಜನ ಅಲ್ಲಿದ್ದಾರೆ, ಅದೇ ಹಣ್ಣನ್ನು ಸಿಂಗಳೀಕವೂ ತಿನ್ನುತ್ತದೆ. ಇಬ್ಬರೂ ತಲೆಮಾರುಗಳಿಂದ ಹೊಂದಿಕೊಂಡಿದ್ದಾರೆ. ಅದೇ ಅಭಯಾರಣ್ಯದೊಳಗೆ, ತಲಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ, ನೀರನ್ನು ಮೇಲೆತ್ತಿ ಮತ್ತೆ ಹರಿಸಿ ವಿದ್ಯುತ್ ತೆಗೆಯುವ 2,000 ಮೆಗಾವಾಟಿನ ಪಂಪ್ಡ್ ಸ್ಟೋರೇಜ್ ಯೋಜನೆಯ ಪ್ರಸ್ತಾವ ಬಂದಿದೆ. 1964ರಲ್ಲಿ ಲಿಂಗನಮಕ್ಕಿ ಕಟ್ಟಿದಾಗಿನಿಂದ ಶರಾವತಿಯ ವಿದ್ಯುತ್ತು ನಮ್ಮ ರಾಜಾಜಿನಗರದ ಕಾರ್ಖಾನೆಗಳಿಗೂ ಮನೆಗಳಿಗೂ ಹರಿದಿದೆ. ಹಾಗಾಗಿ ಈ ಚರ್ಚೆಯಲ್ಲಿ ನಾವು ಹೊರಗಿನವರಲ್ಲ. ನೆಲಕ್ಕೆ ಅಪರೂಪಕ್ಕೆ ಇಳಿಯುವ, ಗುಂಪಿನಿಂದ ಗುಂಪಿಗೆ ಗಂಡುಗಳಷ್ಟೇ ವಲಸೆ ಹೋಗುವ ಪ್ರಾಣಿಗೆ ರಸ್ತೆ, ಸುರಂಗದ ಬಾಯಿ, ವಿದ್ಯುತ್ ಮಾರ್ಗದ ಬೋಳು ಪಟ್ಟಿ ಎಂದರೆ ಏನು ಎಂಬುದನ್ನು ಯೋಜನಾ ವರದಿಯ ಮರಗಳ ಲೆಕ್ಕ ಹೇಳುವುದಿಲ್ಲ. ಕಡಿದಷ್ಟು ಮರವನ್ನು ಬೇರೆ ಜಿಲ್ಲೆಯಲ್ಲಿ ನೆಟ್ಟರೆ ಈ ಕಣಿವೆಯ ಕೊಂಬೆಗಳು ಕೂಡಿಕೊಳ್ಳುವುದೂ ಇಲ್ಲ.

ಪ್ರಶ್ನೋತ್ತರದಲ್ಲಿ ಖಂಡಿತ ಬರುವ ಒಂದು ಪ್ರಶ್ನೆಗೆ ಈಗಲೇ ಉತ್ತರ ಹೇಳಿಬಿಡುತ್ತೇನೆ. ನಾಳೆ ಶಿರಸಿಯ ಗುಂಪುಗಳು ಸೊರಗಿದರೆ ಬೇರೆ ಕಡೆಯಿಂದ ಸಿಂಗಳೀಕ ತರಬಹುದಲ್ಲ? ತರಬಹುದು. ಕುದುರೆಮುಖದಿಂದ, ಆಗುಂಬೆಯ ಕಡೆಯಿಂದ, ಅಂದರೆ ಪಾಲಕ್ಕಾಡಿನ ಗೆರೆಯ ಈಚೆಯಿಂದ. ಆನಮಲೈಯಿಂದ ಬೇಡ, ಅಲ್ಲಿ ಎಷ್ಟೇ ಸುಲಭವಾಗಿ ಸಿಕ್ಕರೂ ಬೇಡ. ಮೃಗಾಲಯದಲ್ಲಿ ಹುಟ್ಟಿದವಾದರೆ ಮೊದಲು ಅವುಗಳ ತಾಯಿ ಕವಲು ಯಾವ ಕಡೆಯದೆಂದು ಪರೀಕ್ಷಿಸಿ ನೋಡಬೇಕು. ಆ ಪರೀಕ್ಷೆಗೆ ಒಂದು ಚಮಚ ಹಿಕ್ಕೆ ಸಾಕು.